ಸಂಡಿಗೆ ಮಾತ್ರ ಕಾಣುವ ಕನ್ನಡಿಗೆ ತಾವು ಬಳಿಸಿದ ಕೆಂಪು ಬಣ್ಣ

ಜಿಲ್ಲಾ ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಓಣಿಯ ಬು ವಾರ್ಸಿನಾ ಅವರ ಅಪಘಾತದ ಬಗ್ಗೆ ತಮ್ಮ ಕಚೇರಿ ಸಿದ್ಧಪಡಿಸಿದ ವರದಿ ನನ್ನ ಮುಂದಿದೆ. ಅದರ ಸಾರ ಎರಡೇ ವಾಕ್ಯ. ‘ವಾಹನದ ಕನ್ನಡಿಗಳು ನಿಯಮಬದ್ಧವಾಗಿದ್ದವು.’ ‘ಹಿಂದಿನಿಂದ ಬರುತ್ತಿದ್ದ ವಾಹನವನ್ನು ಗಮನಿಸದೆ ಬಲಕ್ಕೆ ತಿರುಗಿದ್ದು ಚಾಲಕಿಯ ಅಜಾಗರೂಕತೆ.’ ಎರಡನೆಯ ವಾಕ್ಯದ ಬಲದಿಂದ ಆಕೆಯ ಚಾಲನಾ ಪರವಾನಗಿಯನ್ನು ಆರು ತಿಂಗಳು ಅಮಾನತಿನಲ್ಲಿಟ್ಟಿದ್ದೀರಿ. ಮೊದಲನೆಯ ವಾಕ್ಯ ಅಕ್ಷರಶಃ ನಿಜ. ನನ್ನ ದೂರು ಇರುವುದು ಅದು ನಿಜವಾಗಿರುವುದರ ಬಗ್ಗೆಯೇ.

ತಾವು ಆಕೆಯನ್ನು ನೋಡಿರಲಾರಿರಿ, ಕಾಗದದಲ್ಲಿ ಮಾತ್ರ ಬಲ್ಲಿರಿ. ಆದ್ದರಿಂದ ಹೇಳುತ್ತೇನೆ. ಬು ವಾರ್ಸಿನಾ ಐವತ್ತೆರಡು ವರ್ಷದ ಹೆಂಗಸು; ಓಣಿಗೆಲ್ಲ ‘ಬು’, ಎಂದರೆ ಅಮ್ಮ. ಕ್ರುಪುಕ್ ಸಂಡಿಗೆ ಕರಿಯುವ ಮನೆಯಿಂದ ದಿನವೂ ಹದಿನಾಲ್ಕು ಊಟದಂಗಡಿಗಳಿಗೆ ಸಂಡಿಗೆ ಮುಟ್ಟಿಸುವುದು ಆಕೆಯ ಕೆಲಸ. ಮೋಟಾರ್ ಸೈಕಲ್ಲಿನ ಹಿಂದೆ ಎರಡೂ ಪಕ್ಕ ಆಳೆತ್ತರದ ಪ್ಲಾಸ್ಟಿಕ್ ಚೀಲಗಳು. ತೂಕವೇನೂ ಇಲ್ಲ, ಅಗಲ ಮಾತ್ರ. ಕಾರ್ಖಾನೆಯವರು ಹ್ಯಾಂಡಲ್ ಮೇಲೆ ಕಡ್ಡಿಯಲ್ಲಿ ನಿಲ್ಲಿಸಿ ಕೊಡುವ ಕನ್ನಡಿಗಳಲ್ಲಿ ಆಕೆಗೆ ತನ್ನ ಮೊಣಕೈಗಳು ಕಾಣುತ್ತಿದ್ದವು; ಮೊಣಕೈ ಆಚೆಗೆ ಸಂಡಿಗೆ. ಒಂದು ದಿನ ಆಕೆಯೇ ನನ್ನ ಬಳಿ ಬಂದು ಹೇಳಿದರು: “ಮೇಷ್ಟ್ರೇ, ಆ ಕನ್ನಡೀಲಿ ನನ್ನ ಸಂಡಿಗೆ ನನ್ನನ್ನೇ ಅಟ್ಟಿಸ್ಕೊಂಡು ಬರ್ತಿರುತ್ತೆ. ಅದು ಬಿಟ್ರೆ ಈ ಪ್ರಪಂಚದಲ್ಲಿ ಬೇರೆ ಯಾರೂ ಇಲ್ಲ. ಆಮೇಲೆ ಇದ್ದಕ್ಕಿದ್ದಂಗೆ ಪಕ್ಕದಲ್ಲೇ ಬಸ್ಸು ಕಿರಚುತ್ತೆ!”

ನಾನು ಶಾಲೆಯಲ್ಲಿ ರೇಖಾಗಣಿತ ಕಲಿಸುವವನು. ಮೂವತ್ತು ವರ್ಷದಲ್ಲಿ ನನ್ನ ವಿದ್ಯೆಯಿಂದ ಯಾರಿಗಾದರೂ ಉಪಯೋಗವಾಯಿತೆಂಬ ಅನುಮಾನ ಬಂದದ್ದು ಆ ಒಂದು ಮಧ್ಯಾಹ್ನ ಮಾತ್ರ. ಕಡ್ಡಿಯ ಕನ್ನಡಿಗಳನ್ನು ಕಳಚಿ ಗುಜರಿಗೆ ಹಾಕಿ, ಹ್ಯಾಂಡಲಿನ ಎರಡೂ ತುದಿಯ ಕಬ್ಬಿಣದ ಬಿರಡೆಗಳನ್ನು ಬಿಚ್ಚಿ, ಆ ಕೊಳವೆಯೊಳಗೇ ಕೂರುವ ತುದಿಗನ್ನಡಿಗಳನ್ನು ಜೋಡಿಸಿದೆ. ಬೋಲ್ಟ್ ತಿರುಗಿಸಿದಂತೆ ಒಳಗಿನ ರಬ್ಬರು ಉಬ್ಬಿ ಕೊಳವೆಯನ್ನು ಕಚ್ಚುತ್ತದೆ. ಬಲಗಡೆ ಮಾತ್ರ ಆಕ್ಸಿಲರೇಟರ್ ಹಿಡಿಗೂ ಕನ್ನಡಿಗೂ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಬಿಡಬೇಕು. ಇಲ್ಲದಿದ್ದರೆ ತಿರುಗಿಸಿದ ಹಿಡಿ ವಾಪಸು ಬರುವುದಿಲ್ಲ. ಆಮೇಲೆ ಚೀಲಗಳನ್ನು ಕಟ್ಟಿ, ಆಕೆಯನ್ನು ಸೀಟಿನ ಮೇಲೆ ಕೂರಿಸಿ, ನಾನು ಹಿಂದೆ ಹಿಂದೆ ನಡೆದುಹೋದೆ.

“ಕಾಣ್ತೀನಾ?”

“ಇಲ್ಲ. ನೀವು ಇಷ್ಟು ಸಣ್ಣಕ್ಕಿದ್ರೆ ಹೆಂಗೆ ಕಾಣೋದು? ನಿಮ್ಮ ಹೆಂಡ್ತೀನ ಕರೀರಿ!”

ಕನ್ನಡಿಯನ್ನು ಕೂದಲೆಳೆಯಷ್ಟು ಹೊರಕ್ಕೆ ತಿರುಗಿಸಿದೆ. ಆಕೆ ಬಗ್ಗಿ ನೋಡಿದರು. ಓಣಿಯ ತುದಿ, ಬಾವಿಕಟ್ಟೆ, ದಾರಿ ದಾಟುತ್ತಿದ್ದ ಬಾತುಕೋಳಿ ಎಲ್ಲವೂ ಅಂಗೈಯಗಲದ ಗಾಜಿನಲ್ಲಿ ಬಂದು ಕೂತಿದ್ದವು. ಉಬ್ಬುಗನ್ನಡಿಯಾದ್ದರಿಂದ, ಅದರಲ್ಲಿ ಕಾಣುವುದೆಲ್ಲ ಕಂಡದ್ದಕ್ಕಿಂತ ಹತ್ತಿರವೇ ಇರುತ್ತದೆ ಎಂದು ಎಚ್ಚರಿಸಿದೆ. “ನನ್ನ ನಾದಿನಿ ಥರ ಅನ್ನಿ,” ಎಂದರು. “ದೂರ ಅವಳೆ ಅಂದ್ಕೊಳ್ಳೋಷ್ಟ್ರಲ್ಲಿ ಬಾಗಿಲಲ್ಲೇ ನಿಂತಿರ್ತಾಳೆ.” ಮೊದಲ ವಾರ ಓಣಿಯ ಗೋಡೆಗೆ ಒಮ್ಮೆ ತಾಗಿಸಿದರು. ಆಮೇಲೆ ಓಣಿಯ ಬಾಯಲ್ಲಿ ಇಳಿದು, ಎಂಜಿನ್ ಆರಿಸಿ, ಕನ್ನಡಿಗಳನ್ನು ಒಳಕ್ಕೆ ಮಡಚಿ ತಳ್ಳಿಕೊಂಡು ಬರುವುದು ರೂಢಿಯಾಯಿತು. ಹದಿನಾಲ್ಕು ತಿಂಗಳು ಒಂದು ಗೀರೂ ಬೀಳಲಿಲ್ಲ. ತಮ್ಮ ವರದಿಯಲ್ಲಿ ಆ ಹದಿನಾಲ್ಕು ತಿಂಗಳಿಗೆ ಜಾಗವಿಲ್ಲ, ಏಕೆಂದರೆ ಏನೂ ಆಗದಿರುವುದನ್ನು ತುಂಬಿಸಲು ತಮ್ಮ ನಮೂನೆಯಲ್ಲಿ ಅಂಕಣವಿಲ್ಲ.

ನಂತರ ಐದು ವರ್ಷಕ್ಕೊಮ್ಮೆಯ ತಪಾಸಣೆ ಬಂತು. ಬಂಡಿ ತಳ್ಳಲು ಜೊತೆಗೆ ನಾನೂ ಹೋಗಿದ್ದೆ. ತಮ್ಮ ತಪಾಸಕರು ಎದುರಿಗೆ ನಿಂತು, ಎಂದರೆ ಕನ್ನಡಿಗಳ ಬೆನ್ನು ಮಾತ್ರ ಕಾಣುವ ಕಡೆ ನಿಂತು, ಪರೀಕ್ಷಿಸಿದರು. “ಏನಮ್ಮಾ ಇದು, ಈ ವಯಸ್ಸಲ್ಲಿ ಫ್ಯಾಷನ್ನಾ? ಒರಿಜಿನಲ್ ಹಾಕ್ಕೊಂಡು ಬನ್ನಿ.” ಆಕೆ ಅಂದರು, “ಸ್ವಾಮಿ, ಒಂದ್ಸಲ ಸೀಟ್ ಮೇಲೆ ಕೂತು ನೋಡಿ.” ತಪಾಸಕರು ನಕ್ಕರು: “ನಾನು ಕೂತು ನೋಡೋಕೆ ಹೋದ್ರೆ ಹಿಂದಿರೋ ಅರವತ್ತು ಗಾಡಿ ಯಾರು ನೋಡ್ತಾರೆ?”

ತಮ್ಮ ಗೇಟಿನ ಎದುರಿಗೆ, ತಮ್ಮ ಕಿಟಕಿಯಿಂದಲೇ ಕಾಣುವಂತೆ, ಕಾರ್ದಿ ಎಂಬಾತನ ಕನ್ನಡಿ ಅಂಗಡಿಯಿದೆ. ಅಲ್ಲಿ ಕನ್ನಡಿ ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ. ತಪಾಸಣೆಗೆ ಬಂದವರು ಒಂದು ಜೊತೆ ‘ಒರಿಜಿನಲ್’ ಸಿಕ್ಕಿಸಿಕೊಂಡು ಒಳಗೆ ಹೋಗಿ, ಮುದ್ರೆ ಹಾಕಿಸಿಕೊಂಡು, ಹೊರಗೆ ಬಂದು ಬಿಚ್ಚಿ ಕೊಡುತ್ತಾರೆ. ಒಂದೇ ಜೊತೆ ಕನ್ನಡಿ ದಿನಕ್ಕೆ ನಲವತ್ತು ಗಾಡಿಗಳ ಮೇಲೆ ಉತ್ತೀರ್ಣವಾಗುತ್ತದೆ. ಇಡೀ ಜಿಲ್ಲೆಯಲ್ಲಿ ತಮ್ಮ ಇಲಾಖೆ ಇಷ್ಟು ಶ್ರದ್ಧೆಯಿಂದ ಪರೀಕ್ಷಿಸಿದ ವಸ್ತು ಇನ್ನೊಂದಿರಲಾರದು. ಆ ಗಾಜಿಗೆ ಬೂಷ್ಟು ಹಿಡಿದಿತ್ತೆಂಬುದು ಬೇರೆ ಮಾತು. ಅಂದು ಸ್ಪ್ಯಾನರ್ ಹಿಡಿದು ತುದಿಗನ್ನಡಿಗಳನ್ನು ಬಿಚ್ಚಿ, ಕಾರ್ದಿಯ ಕನ್ನಡಿಗಳನ್ನು ಹಾಕಿದವನು ನಾನೇ.

ಆದರೆ ಈ ಬಾಡಿಗೆಯಾಟ ತಮ್ಮ ಗಮನಕ್ಕೂ ಬಂದಿತ್ತು. ತಾವು ಜಾಣರು. ಅಂಗಡಿಯನ್ನು ಮುಚ್ಚಿಸಲಿಲ್ಲ, ನಿಯಮ ಏಕೆಂದು ಯೋಚಿಸಲೂ ಇಲ್ಲ. ತಪಾಸಣೆಯಾದ ಕನ್ನಡಿಯ ಬೋಲ್ಟಿಗೆ ಕೆಂಪು ಬಣ್ಣ ಬಳಿಯಬೇಕು, ಬಣ್ಣ ಒಡೆದರೆ ವಾಹನ ಮುಟ್ಟುಗೋಲು ಎಂದು ಅಂದಿನಿಂದಲೇ ಆದೇಶ ಹೊರಡಿಸಿದಿರಿ. ಹೀಗೆ ಬೂಷ್ಟು ಹಿಡಿದ ಬಾಡಿಗೆ ಕನ್ನಡಿ ಬು ವಾರ್ಸಿನಾ ಅವರ ಗಾಡಿಯ ಮೇಲೆ ಖಾಯಂ ಆಯಿತು. ಗೇಟಿನಲ್ಲಿ ಕಾರ್ದಿ ತಲೆ ಚಚ್ಚಿಕೊಂಡ: “ಅಯ್ಯೋ, ಬಾಡಿಗೆಗೆ ಕಳಿಸಿದ್ರೆ ಮದುವೇನೇ ಮಾಡಿ ಕಳಿಸಿದಾರಲ್ಲೋ ಇವರು!” ನಾವೆಲ್ಲ ನಕ್ಕೆವು. ಬು ವಾರ್ಸಿನಾ ಅವರೂ ನಕ್ಕರು.

ಮರುದಿನ ಬೆಳಿಗ್ಗೆ ಆಕೆ ತುದಿಗನ್ನಡಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದರು. “ಆ ಕೆಂಪು ಬಣ್ಣ ಹಂಗೇ ಇರ್ಲಿ ಮೇಷ್ಟ್ರೇ, ಇವನ್ನೂ ತುದೀಗೆ ಹಾಕ್ಕೊಟ್ಬಿಡಿ.” ನಾನು ನಿಯಮ ಓದಿದವನು. ಹೊರಚಾಚುವ ಹೆಚ್ಚುವರಿ ಜೋಡಣೆಗೆ ಕಚೇರಿಯ ಅನುಮತಿ ಬೇಕೆಂದು ನನಗೆ ಗೊತ್ತಿತ್ತು. “ಸ್ವಲ್ಪ ತಡೀರಿ ಬು, ಮೊದಲು ಒಂದು ಅರ್ಜಿ ಕೊಡೋಣ. ನಾಳೆ ನಿಮ್ಮ ಗಾಡಿ ಹಿಡಿದ್ರೆ?” ಎಂದೆ. “ಅನುಮತಿ ಬರೋ ತನಕ ರೋಡಲ್ಲಿ ಬಸ್ಸೆಲ್ಲ ನಿಂತಿರ್ತವಾ?” ಎಂದು ಕೇಳಿ ಹೊರಟುಹೋದರು. ಅರ್ಜಿ ಬರೆದೆ. ಚಿತ್ರ, ಕೋನ, ಅಳತೆ ಎಲ್ಲವನ್ನೂ ಸೇರಿಸಿ ತಮ್ಮ ಕಚೇರಿಗೆ ಕೊಟ್ಟೆ. ಅದು ಚೆನ್ನಾಗಿ ಬಂದಿತ್ತು ಎಂಬ ಸಂತೋಷವೂ ನನಗಿತ್ತು ಎಂದು ಒಪ್ಪಿಕೊಳ್ಳಬೇಕು.

ಹನ್ನೊಂದನೆಯ ದಿನ ಸಂತೆಮಾಳದ ಬಳಿ ಆಕೆ ಬಲಕ್ಕೆ ತಿರುಗಿದರು. ತಿರುಗುವ ಮುಂಚೆ ಕನ್ನಡಿ ನೋಡಿದರಂತೆ, ಸಂಡಿಗೆ ಕಂಡಿತಂತೆ. ಕೊರಳು ತಿರುಗಿಸಿ ನೋಡಿದರಂತೆ, ಚೀಲ ಕಂಡಿತಂತೆ. ಹಿಂದಿನಿಂದ ಬಂದ ತರಕಾರಿ ಟೆಂಪೊ ಚೀಲಕ್ಕೆ ತಾಗಿತು. ಬಂಡಿ ಸಮೇತ ಕಾಲುವೆಗೆ ಬಿದ್ದ ಆಕೆಯ ಬಲ ಹೆಗಲಿನ ಕೊರಳೆಲುಬು ಎರಡು ಕಡೆ ಮುರಿದಿದೆ. ಕನ್ನಡಿಯ ಬೋಲ್ಟಿನ ಕೆಂಪು ಬಣ್ಣ ಮಾತ್ರ ಮುಕ್ಕಾಗಿರಲಿಲ್ಲ. ತಮ್ಮ ತಪಾಸಕರು ಮೊಣಕಾಲುದ್ದ ನೀರಿಗಿಳಿದು ಅದರ ಚಿತ್ರ ತೆಗೆದುಕೊಂಡರು. ಹೆಂಗಸಿನ ಚಿತ್ರ ತೆಗೆಯಲಿಲ್ಲ. ಆಕೆಯ ಮೇಲೆ ಮುದ್ರೆ ಇರಲಿಲ್ಲವಲ್ಲ.

ವರದಿಯನ್ನು ಪ್ರಶ್ನಿಸಲು ಹೋದಾಗ ತಮ್ಮ ಗುಮಾಸ್ತರು ನನ್ನ ಅರ್ಜಿಯನ್ನು ಕಡತಗಳ ರಾಶಿಯಿಂದ ಹುಡುಕಿ ತೆಗೆದರು. “ಮೇಷ್ಟ್ರೇ, ಚಿತ್ರ ಬಹಳ ಅಚ್ಚುಕಟ್ಟಾಗಿದೆ. ಆದ್ರೆ ಇದನ್ನ ವಾಹನದ ಮಾಲೀಕರೇ ಬಂದು ಕೊಡ್ಬೇಕು.” ಆಕೆಗೆ ಕೈ ಎತ್ತಲಾಗುತ್ತಿಲ್ಲ ಎಂದೆ. “ಸಹಿ ಎಡಗೈಯಲ್ಲಿ ಮಾಡಿದ್ರೂ ನಡೆಯುತ್ತೆ,” ಎಂದು ರಿಯಾಯಿತಿ ತೋರಿಸಿದರು.

ಮಾನ್ಯರೇ, ನಾನು ಸುಲಭವಾಗಿ ಕೋಪಗೊಳ್ಳುವವನಲ್ಲ. ಜನರಿಂದಲೂ ಕಚೇರಿಗಳಿಂದಲೂ ಒಂದು ಮಾರು ದೂರ ನಿಂತು ಬದುಕಿದವನು. ಈಗ ಯೋಚಿಸಿದರೆ, ತಮಗೂ ನನಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ ಎನಿಸುತ್ತದೆ. ತಾವು ಬಣ್ಣ ಬಳಿಸಿದಿರಿ, ನಾನು ಬಣ್ಣವನ್ನು ಗೌರವಿಸಿದೆ. ಆಕೆಗೆ ಬೇಕಿದ್ದುದು ಹತ್ತು ನಿಮಿಷದ ಕೆಲಸ. ನಾನು ಕೊಟ್ಟದ್ದು ನಾಲ್ಕು ಪುಟದ ಅರ್ಜಿ. ಅಜಾಗರೂಕತೆ ಎಂಬ ಪದವನ್ನು ಯಾರ ಹೆಸರಿನ ಮುಂದೆ ಬರೆಯಬೇಕೆಂದು ಕೇಳಿದರೆ ನನ್ನ ಬಳಿ ಎರಡು ಹೆಸರುಗಳಿವೆ. ಅದರಲ್ಲಿ ಬು ವಾರ್ಸಿನಾ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ವರದಿಯ ಎರಡನೆಯ ವಾಕ್ಯವನ್ನು ಹೊಡೆದುಹಾಕಿ, ಆಕೆಯ ಪರವಾನಗಿಯನ್ನು ಹಿಂದಿರುಗಿಸಿ. ಮೂಳೆ ಕೂಡಿದ ದಿನ ಆಕೆ ಕೆಲಸಕ್ಕೆ ಹೊರಡಬೇಕು. ಅದಕ್ಕೆ ಮೇಲಿನವರ ಅಪ್ಪಣೆ ಬೇಕು, ಸಮಿತಿ ಬೇಕು ಎನ್ನುವುದಾದರೆ, ತಮ್ಮ ದಾಖಲೆಗೆ ಇನ್ನೊಂದು ಸಂಗತಿ ಸೇರಿಸಿಕೊಳ್ಳಿ. ನಿನ್ನೆ ಶಾಲೆ ಬಿಟ್ಟ ಮೇಲೆ ಆ ಗಾಡಿಯ ಕೆಂಪು ಬಣ್ಣವನ್ನು ಉಳಿಯಿಂದ ಕೆತ್ತಿ, ಕಾರ್ದಿಯ ಕನ್ನಡಿಗಳನ್ನು ಕಾರ್ದಿಗೆ ಕೊಟ್ಟು, ತುದಿಗನ್ನಡಿಗಳನ್ನು ಹಾಕಿದ್ದೇನೆ. ಅನುಮತಿ ಕೇಳಿಲ್ಲ. ಮಾಡಿದವನು ನಾನು, ಆಕೆಯಲ್ಲ. ಗಾಡಿ ನನ್ನ ಮನೆಯ ಮುಂದೆಯೇ ನಿಂತಿದೆ. ಮುಟ್ಟುಗೋಲಿಗೆ ಬರುವಾಗ ದಯವಿಟ್ಟು ತಾವೇ ಬನ್ನಿ, ಏಕೆಂದರೆ ಯಾರಾದರೊಬ್ಬರು ಅದನ್ನು ಓಡಿಸಿಕೊಂಡು ಹೋಗಬೇಕಾಗುತ್ತದೆ, ಓಡಿಸಬೇಕಾದರೆ ಸೀಟಿನ ಮೇಲೆ ಕೂರಲೇಬೇಕಾಗುತ್ತದೆ.

ಇಂತಿ,
ಹತ್ತು ನಿಮಿಷದ ಕೆಲಸಕ್ಕೆ ಹನ್ನೊಂದು ದಿನ ಅನುಮತಿಗಾಗಿ ಕಾದ
ಮರ್ಸುದಿ, ರೇಖಾಗಣಿತದ ಮೇಷ್ಟ್ರು