ಬಾಸ್ ಅನ್ನುವವರು

ಕೊತ್ತತ್ತಿ
೧೨-೧೧-೨೦೨೪, ಮಂಗಳವಾರ

ನನ್ನಪ್ಪಾ ಸಂತೋಷ,

ಹೇಗಿದ್ದೀಯ ಮಗನೇ? ಕೆಮ್ಮು ನಿಂತಿತೆ? ಮಳವಳ್ಳಿಯಲ್ಲಿ ನಿಮ್ಮತ್ತೆ ಹೊಟ್ಟೆ ತುಂಬ ಇಕ್ಕುತ್ತಾಳೋ, ಇಲ್ಲ ಅದೇ ನಿಂಬೆಹಣ್ಣಿನಷ್ಟು ಮುದ್ದೆಯೋ? ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದೆ. ನಿಜವಾಗಿ ನನಗೆ ಕೈಕಾಲೇ ಆಡುತ್ತಿಲ್ಲ. ಫೋನು ಮಾಡಬೇಡ ಅಂದಿದ್ದೀಯಲ್ಲ, ಅದಕ್ಕೇ ಪಕ್ಕದ ಮನೆ ಚಿಕ್ಕಬೋರಮ್ಮನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಆ ಬಾಸ್ ನಿನ್ನೆ ನಮ್ಮ ಆಲೆಮನೆಗೇ ಬಂದಿದ್ದ ಕಣಪ್ಪಾ. ಹಾಳು ಪದ! ಬೈಕಿನ ಕೀ ಬೇಕಾದಾಗ ನೀನು ನಿಮ್ಮಪ್ಪನನ್ನು ಬಾಸ್ ಅನ್ನುತ್ತಿದ್ದೆ, ಅವರು ಕರಗಿಹೋಗುತ್ತಿದ್ದರು. ಕ್ಷೌರದಂಗಡಿಯವನಿಗೆ ಬಂದವರೆಲ್ಲ ಬಾಸ್. ಬಸ್ಸಿನಲ್ಲಿ ಕಂಡಕ್ಟರು "ವಸಿ ಮುಂದಕ್ಕೋಗಿ ಬಾಸ್" ಅಂದರೆ ನನಗೆ ನಗು ಬರುತ್ತಿತ್ತು. ನಿನ್ನೆ ಅವನ ಕಡೆಯವರು ಜೀಪಿನ ಬಾಗಿಲು ತೆಗೆದು, ತಲೆ ತಗ್ಗಿಸಿ ಅದೇ ಮಾತು ಅಂದಾಗ ನಗು ಬರಲಿಲ್ಲ. ಬೆಸಗರಹಳ್ಳಿ ರಸ್ತೆಯಲ್ಲಿ ಅವನು ಹೊನ್ನಯ್ಯನ ಮೇಲೆ ಜೀಪು ಹತ್ತಿಸಿ ಕೊಂದದ್ದನ್ನು ಕಂಡವನು ನೀನೊಬ್ಬನೇ. ಮುಂದಿನ ವಾರ ಕೋರ್ಟಿನಲ್ಲಿ ಹೇಳಬೇಕಾದವನೂ ನೀನೇ. ಹೇಳಬೇಡ ಅನ್ನಲಾರೆ, ಹೊನ್ನಯ್ಯನ ಹೆಂಡತಿ ದಿನಾ ಎದುರಿಗೆ ಸಿಗುತ್ತಾಳೆ. ಆದರೂ ಹೆತ್ತ ಕರುಳು, ಹೆದರುತ್ತದೆ.

ನಿಮ್ಮಪ್ಪನಿಗೆ ಹೆದರಿಕೆ ಎಲ್ಲಿ? ಗಾಣ ಓಡಿಸಿ ನೋಡಲು ನಾಲ್ಕು ಜಲ್ಲೆ ಅರೆದಿದ್ದರು, ಆ ಕಬ್ಬಿನ ಹಾಲನ್ನು ಅವನಿಗೇ ಕೊಟ್ಟರು! ನಾನು ಕಣ್ಣು ಬಿಟ್ಟರೆ, "ಆಲೆಮನೆಗ್ ಬಂದೋರ್ನ ಒಣಗಿದ್ ಬಾಯಲ್ಲಿ ಕಳ್ಸೋ ವಂಸ ಅಲ್ಲ ನಮ್ದು. ನಮ್ಮಾಲು ಕುಡ್ದೋನು ಕೇಡು ಬಗೀತಾನಾ, ಬುಡು" ಅಂದರು. ನಾನು ಅಲ್ಲಿ ನಿಲ್ಲಲಾರದೆ ಮನೆಗೆ ಓಡಿಬಂದೆ.

ಶುಕ್ರವಾರ ಈ ವರ್ಷದ ಮೊದಲ ಬೆಲ್ಲ. ಮೊದಲ ಅಚ್ಚಿಗೆ ಪಾಕ ಹುಯ್ಯಬೇಕಾದದ್ದು ಮನೆಯ ಮಗ, ನಿಮ್ಮ ತಾತನ ಕಾಲದಿಂದ ತಪ್ಪಿಲ್ಲ. ಊರೊಳಗೆ ಬರಬೇಡ, ನಾಲೆ ಏರಿ ಮೇಲೆ ಬಾ. ಹುಯ್ದು ಹೊರಟುಬಿಡು. ನಿನ್ನ ಮುಖ ನೋಡಿದರೆ ನನಗೆ ಅನ್ನ ಸೇರುತ್ತದೆ.

ಮಾರಮ್ಮತಾಯಿ ನಿನ್ನ ಬೆನ್ನಿಗಿರಲಿ. ನಿಮ್ಮತ್ತೆಯನ್ನು ಕೇಳಿದೆ ಅನ್ನು.

ನಿನ್ನ ಅವ್ವ,
ಮಂಗಳಮ್ಮ

ಕಾಗದ ಮಡಿಸುವ ಮುಂಚೆ: ಬರಬೇಡ! ಮೇಲೆ ಬರೆದದ್ದನ್ನು ಬಿಟ್ಟುಬಿಡು, ಶುಕ್ರವಾರ ಬರಲೇಬೇಡ. ಚಿಕ್ಕಬೋರಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ನಿಮ್ಮಪ್ಪ ಈಗ ಉಣ್ಣುತ್ತಾ ಹೇಳಿದರು. ಆಲೆಮನೆ ಮರ್ಯಾದೆ ಅಂತ ನಿನ್ನೆ ನಾನು ಬಂದ ಮೇಲೆ ಅವನನ್ನೂ ಕರೆದಿದ್ದಾರಂತೆ: "ಸುಕ್ರವಾರ ನನ್ ಮಗ ಬತ್ತಾನೆ, ಮೊದಲ್ನೆ ಅಚ್ಚು ಅವಂದೇ, ನೀವೂ ಬನ್ನಿ." ಅವನು ಹಾಲು ಕುಡಿದ ಲೋಟ ತೊಳೆದು ಕವುಚಿಟ್ಟು, ನಿಮ್ಮಪ್ಪನಿಗೆ ಕೈಮುಗಿದು, "ಬತ್ತೀನಿ ಬಾಸ್" ಅಂದನಂತೆ.