ನನಗೆಂದು ಕಳಿಸಿದ ಶೂ

ಕಾಲೇಜು ಮಹಿಳಾ ತಂಡದ ಕೋಚ್ ಮೇಡಂ ಅವರಿಗೆ,

ನನ್ನನ್ನು ನಿಮ್ಮ ಬಾಸ್ಕೆಟ್‌ಬಾಲ್ ತಂಡಕ್ಕೆ ಆರಿಸಿದಿರೆಂದು ಹೈಸ್ಕೂಲಿಗೆ ಹೈಸ್ಕೂಲೇ ಕುಣಿದಾಡಿತು. ನನಗೆ ಮಾತ್ರ ಏನೋ ಅನುಮಾನ. ಮನೆಗೆ ಬಂದಾಗ ನೀವು ನನ್ನ ಆಟದ ಬಗ್ಗೆ ತುಟಿ ಬಿಚ್ಚಲಿಲ್ಲ. ನನ್ನ ತಂಗಿಯನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, "ಇನ್ನೂ ಆರನೇ ಕ್ಲಾಸಾ? ಅಕ್ಕನ್ನೇ ಮೀರಿಸಿದ್ದೀಯಲ್ಲೇ!" ಎಂದಿರಿ, ಅವಳ ಅಂಗೈ ಬಿಡಿಸಿ ಅಗಲ ನೋಡಿದಿರಿ. "ಮೇಡಂಗೆ ಮಕ್ಕಳಂದ್ರೆ ಪ್ರಾಣ ಕಣೇ" ಎಂದಳು ಅಮ್ಮ.

ನನಗೆಂದು ನೀವು ಕಳಿಸಿದ ಶೂ ನಿನ್ನೆ ಬಂತು. ನನ್ನ ಕಾಲಿಗೆ ಅದು ದೊಡ್ಡದು. ತಂಗಿಗೆ ಅಳತೆ ತೆಗೆದು ಮಾಡಿಸಿದಂತಿದೆ. ಅವಳು ಹೈಸ್ಕೂಲು ಮುಗಿಸುವವರೆಗೆ ನನ್ನ ಮೂಗಿಗೆ ತುಪ್ಪ ಸವರುತ್ತಿದ್ದೀರಾ?

ನಾನಂತೂ ಬಂದೇ ಬರುತ್ತೇನೆ. ದಯವಿಟ್ಟು ನನ್ನ ಅಳತೆಯ ಶೂ ಕಳಿಸಿ. ಈ ಜೋಡಿಯನ್ನು ವಾಪಸು ಕಳಿಸಲಾರೆ. ತಂಗಿ ಅದನ್ನು ಹಾಕಿಕೊಂಡೇ ಮಲಗಿದ್ದಾಳೆ.

ಇಂತಿ,
ಅವಳ ಅಕ್ಕ