ಗುರುವಾರದ ರಿಪೇರಿ

18 ಜೂನ್ 1998, ಗುರುವಾರ

ಬೆಳಿಗ್ಗೆ ಮತ್ತೆ ಅದೇ. ಇವರು ಜೀಪಿನ ಮುಂದೆ ಬಗ್ಗಿ ಹ್ಯಾಂಡಲ್ ತಿರುವುತ್ತಿದ್ದರು, ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಕೀಲಿಯಿಂದ ಇಂಜಿನ್ ಹತ್ತಿಸುವ ಸೆಲ್ಫ್ ಕೆಟ್ಟು ಎರಡು ವರ್ಷವಾಯಿತು, ಮಾಡಿಸುವುದಿಲ್ಲ. ಆರನೇ ಸಲಕ್ಕೆ ಇಂಜಿನ್ ಹತ್ತಿತು. ಒಳಗೆ ಬಂದವರೇ, ಕಿಡಿ ಕೊಡುವ ಪಾಯಿಂಟ್ ಸವೆದಿದೆ, ಹರಪನಹಳ್ಳಿಗೆ ಹೋಗಿ ತರಬೇಕು ಅಂದರು. ಇಲ್ಲೇ ಹಡಗಲಿಯಲ್ಲಿ ಸಿಗುವುದಿಲ್ಲವೇ ಅಂದೆ. ಇಷ್ಟು ಹಳೇ ಜೀಪಿನ ಸಾಮಾನು ಅಲ್ಲಿನ ಸುಕನ್ಯಾಳ ಬಿಡಿಭಾಗದ ಅಂಗಡಿಯಲ್ಲಿ ಮಾತ್ರವಂತೆ.

ಹೋದ ಗುರುವಾರವೂ ಹೋಗಿದ್ದರು. ಅದರ ಹಿಂದಿನ ಗುರುವಾರವೂ.

ಸಂಜೆ ಐದಕ್ಕೆ ಬಂದರು. ಮುಖ ಹಗುರಾಗಿತ್ತು. ಉಣ್ಣುವಾಗ ತಾವಾಗಿಯೇ ಮಾತು ತೆಗೆದರು — "ಆಕಿ ಬರೇ ಸದ್ದು ಕೇಳಿ ಹೇಳ್ತಾಳ ನೋಡು, ಇಂಜಿನ್ನಾಗ ಏನು ಕೆಟ್ಟೈತಿ ಅಂತ."

ಇಪ್ಪತ್ತೆರಡು ವರ್ಷದ ಸಂಸಾರ. ನನ್ನ ಬಗ್ಗೆ ಇಂಥ ಒಂದು ಮಾತು ಇವರ ಬಾಯಿಂದ… ಸಾರಿಗೆ ಉಪ್ಪು ಕಡಿಮೆ ಅಂದಿದ್ದು ನೆನಪಿದೆ.

21 ಜೂನ್, ಭಾನುವಾರ

ಸುಕನ್ಯಾಳನ್ನು ನೋಡಿದ್ದು ಒಂದೇ ಸಲ, ನಮ್ಮ ಮಗಳ ಮದುವೆಯಲ್ಲಿ. ಅವಳ ಗಂಡ ಇವರ ಪರಿಚಯ. ಅವನು ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತಾಳೆ ಅಂದುಕೊಂಡಿದ್ದರು ಎಲ್ಲರೂ. ಮುಚ್ಚಲಿಲ್ಲ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಗೊಂದು ವಾಚು. ನನಗಿಂತ ಎಂಟು ವರ್ಷ ಚಿಕ್ಕವಳಿರಬೇಕು. ಹತ್ತೂ ಇರಬಹುದು.

ಮಗಳು ಕೊಟ್ಟೂರಿಗೆ ಹೋದ ಮೇಲೆ ಈ ಮನೆಯಲ್ಲಿ ಮಾತು ಅಂದರೆ ಉಂಡಿರೇ, ಆಯಿತೇ, ಬಂದಿರೇ. ಅಷ್ಟೇ.

2 ಜುಲೈ, ಗುರುವಾರ

ಇವತ್ತು ಫ್ಯಾನ್ ಬೆಲ್ಟ್. ಬೆಲ್ಟ್ ಬಿರುಕು ಬಿಟ್ಟಿದೆ, ಹೊಸದು ಹಾಕಿಸಿ ಬರುತ್ತೇನೆ ಅಂತ ಹೋದರು.

3 ಜುಲೈ

ಮಧ್ಯಾಹ್ನ ಇವರು ಮಲಗಿದಾಗ ಬಾನೆಟ್ ಎತ್ತಿದೆ. ಜೀವನದಲ್ಲಿ ಮೊದಲ ಸಲ. ಬೆಲ್ಟ್ ಯಾವುದು ಅಂತ ಹುಡುಕುವುದೇನೂ ಕಷ್ಟವಾಗಲಿಲ್ಲ, ಫ್ಯಾನಿಗೆ ಸುತ್ತಿದೆ. ಅದೇ ಹಳೇ ಬೆಲ್ಟು. ಒಳಬದಿಗೆ ಉಗುರು ಹೋಗುವಷ್ಟು ಬಿರುಕು.

ಹಾಗಾದರೆ ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಿ ಏನು ರಿಪೇರಿ ಆಯಿತು?

ಕೈಗೆ ಅಂಟಿದ ಗ್ರೀಸು ಸೀಮೆಎಣ್ಣೆಯಲ್ಲಿ ತೊಳೆದೆ. ಊಟಕ್ಕೆ ಬಡಿಸುವಾಗ ವಾಸನೆ ಹೊಡೆಯುತ್ತಿತ್ತು. ಕೇಳಲಿಲ್ಲ. ಗೊತ್ತೇ ಆಗಲಿಲ್ಲ ಇವರಿಗೆ.

5 ಜುಲೈ, ಭಾನುವಾರ

ಮೆಕ್ಯಾನಿಕ್ ಉಚ್ಚಂಗೆಪ್ಪನ ಮನೆಗೆ ಹೋಗಿದ್ದೆ. ಮುಪ್ಪಾಗಿ ಗ್ಯಾರೇಜು ಬಿಟ್ಟಿದ್ದಾರೆ, ಕೈ ನಡುಗುತ್ತದೆ. ದಾರಿಯಲ್ಲಿ ಜೀಪು ನಿಂತರೆ ಇವರಿಗೆ ನೆರವಾಗಲಿ ಅಂತ ಕಲಿಯಬೇಕು ಅಂದೆ. ಹೊರಗಿನವರ ಹತ್ತಿರ ಆಡಿದ ಮೊದಲ ಸುಳ್ಳು ಇರಬೇಕು.

ನಗಲಿಲ್ಲ ಪುಣ್ಯಾತ್ಮ. "ಪೆಟ್ರೋಲ್ ಬರ್ತೈತೇನು ನೋಡು ತಂಗಿ, ಕಿಡಿ ಬರ್ತೈತೇನು ನೋಡು. ಮುಕ್ಕಾಲು ಪಾಲು ಕೆಲಸ ಅದರಾಗ ಮುಗೀತು," ಅಂದರು. ಪ್ಲಗ್ ಬಿಚ್ಚಿ, ಅದರ ವೈರು ಹಾಕಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಕಿಡಿ ನೋಡುವುದು. ಡಿಸ್ಟ್ರಿಬ್ಯೂಟರ್ ಅಂದರೆ ನಾಲ್ಕು ಪ್ಲಗ್ಗಿಗೂ ಕಿಡಿ ಹಂಚುವ ಡಬ್ಬಿ, ಮೇಲೆ ಟೋಪಿಯಂಥ ಕಪ್ಪು ಮುಚ್ಚಳ. ನೀರು ಹೊಕ್ಕರೆ ಕಿಡಿ ಸತ್ತಂತೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ.

ಎಲ್ಲ ಬರೆದುಕೊಂಡು ಬಂದೆ. ಅಕ್ಕಿ ಡಬ್ಬದಲ್ಲಿದೆ ಚೀಟಿ.

9 ಜುಲೈ, ಗುರುವಾರ

ಬೆಳಿಗ್ಗೆ ಹಲ್ಲುಜ್ಜುತ್ತ ಹೇಳಿದರು, ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಮ್, ಅದರೊಳಗಿನ ರಬ್ಬರ್ ಪರದೆ, ಹರಿದಿದೆಯಂತೆ, ಬಿಚ್ಚಿ ಹೊಸದು ಹಾಕಿಸಬೇಕಂತೆ. ಸ್ನಾನಕ್ಕೆ ಹೋದಾಗ ಕುಂಕುಮದ ಭರಣಿ ತಗೊಂಡು ಹೋದೆ. ಪಂಪಿನ ಸ್ಕ್ರೂಗಳಿಗೆಲ್ಲ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟೆ, ತಲೆಯ ಗೀಟು ಮುಚ್ಚುವ ಹಾಗೆ. ಬಿಚ್ಚಿದರೆ ಅಳಿಸಿಹೋಗಬೇಕು.

ಸಂಜೆ ನೋಡಿದೆ. ಧೂಳು ಕೂತಿದೆ. ಕುಂಕುಮ ಇಟ್ಟ ಹಾಗೇ ಇದೆ.

"ಹಾಕಿಸಿದ್ರೇನು?" ಅಂತ ಕೇಳಿದೆ.

"ಹೂಂ. ಈಗ ಆರಾಮ ಓಡ್ತೈತಿ."

ಇಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾರೆ ಅಂತ ಗೊತ್ತಿರಲಿಲ್ಲ. ಅಡುಗೆಮನೆಗೆ ಬಂದು ಅತ್ತೆ. ಮೆಣಸಿನಕಾಯಿ ಹುರಿಯಲು ಇಟ್ಟುಕೊಂಡೆ, ಯಾರಾದರೂ ಕೇಳಿದರೆ ಇರಲಿ ಅಂತ. ಯಾರು ಕೇಳುತ್ತಾರೆ.

23 ಜುಲೈ, ಗುರುವಾರ

ಎರಡು ವಾರ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಮಾಡಿದ್ದನ್ನು ಬರೆದಿಡಬೇಕು.

ಇವರು ಏಳುವ ಮುಂಚೆ ಡಿಸ್ಟ್ರಿಬ್ಯೂಟರಿನ ನಡುವಿನ ವೈರು ಕಿತ್ತೆ. ಕಿತ್ತಿದ್ದು ಕಾಣದ ಹಾಗೆ ಮತ್ತೆ ಸುಮ್ಮನೆ ಮೇಲೆ ಕೂರಿಸಿದೆ. ಇವರು ನಿಂತು ನಿಂತು ಮುಕ್ಕಾಲು ಗಂಟೆ ಹ್ಯಾಂಡಲ್ ಹೊಡೆದರು. ಅಂಗಿ ತೊಯ್ದು ಹೋಯಿತು. ಅಯ್ಯೋ ಅನಿಸಿತು ಒಂದು ಗಳಿಗೆ. ಇನ್ನು ಹೋಗುವುದಿಲ್ಲ, ಮನೆಯಲ್ಲೇ ಇರುತ್ತಾರೆ ಅಂತ ಅವಲಕ್ಕಿ ಒಗ್ಗರಣೆಗೆ ಇಟ್ಟೆ.

ಕೈಕಾಲು ತೊಳೆದುಕೊಂಡು, ಬೇರೆ ಅಂಗಿ ಹಾಕಿಕೊಂಡು, ಬಸ್ಸಿಗೆ ಹೋದರು.

ಬಸ್ಸಿಗೆ! ಜೀಪು ಇಲ್ಲಿ ನಿಂತಿದೆ, ರಿಪೇರಿಗೆ ಇವರು ಬಸ್ಸಿನಲ್ಲಿ ಹೋದರು. ಯಾವ ಸಾಮಾನು ಕೆಟ್ಟಿದೆ ಅಂತಲೂ ಹೇಳಲಿಲ್ಲ ಈ ಸಲ.

ವೈರು ಒತ್ತಿ ಕೂರಿಸಿದೆ. ಹೆಬ್ಬೆರಳು ಮಡಚದೆ ಹ್ಯಾಂಡಲ್ ಹಿಡಿದು ಮೇಲಕ್ಕೆ ಎಳೆದೆ. ಎರಡನೇ ಎಳೆತಕ್ಕೆ ಹತ್ತಿತು. ಇಡೀ ಜೀಪು ನಡುಗಿತು, ನಾನೂ. ಸ್ವಲ್ಪ ಹೊತ್ತು ಸೀಟಿನಲ್ಲಿ ಕೂತಿದ್ದೆ. ಸಂತೋಷ ಆಯಿತು ಅಂತ ಬರೆಯಲು ನಾಚಿಕೆ.

28 ಜುಲೈ, ಮಂಗಳವಾರ

ಹರಪನಹಳ್ಳಿಗೆ ಹೋಗಿ ಬಂದೆ. ಇವರು ಜೀಪು ತಗೊಂಡು ಮೈಲಾರದ ಕಡೆ ಬಾಡಿಗೆಗೆ ಹೋಗಿದ್ದರು.

ಜಗಳಕ್ಕೇ ಹೋಗಿದ್ದು. ಬಸ್ಸಿನಲ್ಲಿ ಕೂತು ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಕೌಂಟರಿನ ಮುಂದೆ ನಿಂತಾಗ ಬಾಯಿಗೆ ಬಂದಿದ್ದು — ಹಳೇ ಪೆಟ್ರೋಲ್ ಜೀಪಿಗೆ ಡಯಾಫ್ರಮ್ ಬೇಕು. ಯಾರ ಗಾಡಿಗೆ ಅಂತ ಕೇಳಿದಳು ಸುಕನ್ಯಾ. ಇವರ ಹೆಸರನ್ನೇ ಹೇಳಿದೆ, ಹಡಗಲಿ ಮರುಳಪ್ಪನವರ ಗಾಡಿಗೆ ಅಂತ. ಡಬ್ಬಿ ತೆಗೆಯುತ್ತಿದ್ದ ಕೈ ನಿಂತಿತು.

"ಅಕ್ಕಾರ, ಎರಡು ತಿಂಗಳಿಂದ ಅವರು ಇಲ್ಲಿಂದ ಒಂದು ನಟ್ಟೂ ಒಯ್ದಿಲ್ಲ," ಅಂದಳು. ಮುಚ್ಚಿಡಲಿಲ್ಲ. ಮೂಲೆಯ ಸ್ಟೂಲು ತೋರಿಸಿದಳು. "ಅಲ್ಲಿ ಕುಂದರ್ತಾರ. ಮಾತಾಡ್ತಾರ, ನಾ ಕೇಳ್ತೀನಿ. ಬ್ಯಾರೆ ಏನಿಲ್ಲ. ನಮ್ಮೋರು ಹೋದ ಮ್ಯಾಲೆ ಇಲ್ಲಿ ಬರೋ ಗಂಡಸರು ಒಂದೋ ರೇಟಿಗೆ ಜಗ್ಗಾಡ್ತಾರ, ಇಲ್ಲಾ ಕೆಟ್ಟ ಕಣ್ಣಿಲೆ ನೋಡ್ತಾರ. ಇವರು ಎರಡೂ ಮಾಡಲಿಲ್ಲ. ಬರಬ್ಯಾಡ್ರಿ ಅನ್ನಬೇಕಿತ್ತು. ಅನಲಿಲ್ಲ. ಅದು ನಂದೇ ತಪ್ಪು."

"ಏನು ಮಾತಾಡ್ತಾರ?"

"ಅದನ್ನ ನೀವು ಅವರನ್ನೇ ಕೇಳ್ರಿ."

ಒಂದು ಹೊಡೆತ ಕೊಟ್ಟಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ನನ್ನ ಗಂಡನ ಮಾತು ಅವಳ ಹತ್ತಿರ ಇದೆ, ಅವಳು ಜೋಪಾನ ಮಾಡಿಕೊಂಡಿದ್ದಾಳೆ, ನಾನು ಕೇಳಿದರೆ ಕೊಡುವುದಿಲ್ಲ. ಬರಿಗೈಲಿ ಹೊರಡಲು ಆಗದೆ ಡಯಾಫ್ರಮ್ ಕಟ್ಟಿಸಿಕೊಂಡು ಬಂದೆ.

30 ಜುಲೈ, ಗುರುವಾರ

ಹೋದವರು ಮಧ್ಯಾಹ್ನ ಹನ್ನೆರಡಕ್ಕೇ ವಾಪಸ್. ಬರಬೇಡಿ ಅಂದಿರಬೇಕು ಅವಳು. ಊಟ ಬೇಡ ಅಂದರು.

6 ಆಗಸ್ಟ್, ಗುರುವಾರ

ಎಲ್ಲಿಗೂ ಹೋಗಲಿಲ್ಲ. ದಿನವಿಡೀ ಕಟ್ಟೆಯ ಮೇಲೆ. ನಾನು ಗೆದ್ದೆ ಅಂದುಕೊಳ್ಳಬೇಕು. ಅವಳಿಗಾಗಿ ನನ್ನ ಮನೆಯಲ್ಲಿ ಸೂತಕ ಹಿಡಿದು ಕೂತಿದ್ದಾರೆ. ಅದನ್ನು ನೋಡುತ್ತ ನಾನು ನೆಲ ಒರೆಸಿದೆ.

23 ಆಗಸ್ಟ್, ಭಾನುವಾರ

ಒದ್ದೆ ಸೀರೆ ಬದಲಿಸಿ ಕೂತಿದ್ದೇನೆ. ಬರೆಯುತ್ತೇನೆ.

ಹಲವಾಗಲಿನಲ್ಲಿ ನಂಟರ ಮನೆಯ ತೊಟ್ಟಿಲು ಕಾರ್ಯ ಮುಗಿಸಿ ಹೊರಟೆವು. ನಮ್ಮ ಓಣಿಯ ಕೆಂಚಕ್ಕ ಹಿಂದಿನ ಸೀಟಿನಲ್ಲಿ. ಎಪ್ಪತ್ತು ದಾಟಿದೆ, ಮೊಣಕಾಲು ಮಡಚಲು ಬರುವುದಿಲ್ಲ. ಮೂರು ಗಂಟೆಗೆ ಮಳೆ ಹಿಡಿಯಿತು. ಎರೆಮಣ್ಣಿನ ದಾರಿ, ಚಕ್ರಕ್ಕೆ ಮುದ್ದೆಮುದ್ದೆ ಮಣ್ಣು. ಇವರು ಚಿಕ್ಕ ಲಿವರ್ ಎಳೆದು ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟ ಮೇಲೆಯೇ ಮುಂದೆ ಹೋಗಿದ್ದು. ಹಳ್ಳಕ್ಕೆ ಇಳಿದಾಗ ನೀರು ಮೊಣಕಾಲಿನಷ್ಟಿತ್ತು. ನಡುವಿನಲ್ಲಿ ಫ್ಯಾನು ನೀರು ಎರಚಿತು, ಇಂಜಿನ್ ಕೆಮ್ಮಿತು, ನಿಂತಿತು.

ಇವರು ಇಳಿದು ಹ್ಯಾಂಡಲ್ ಹೊಡೆದರು. ಹತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ನೀರು ಕೆಂಪಾಗತೊಡಗಿತು. ಮೇಲೆಲ್ಲೋ ಜೋರು ಮಳೆ. ಕೆಂಚಕ್ಕ ಕಾಪಾಡು ಅಂತ ಮೈಲಾರಲಿಂಗನನ್ನು ಕರೆಯುತ್ತಿದ್ದಳು. ಅವಳನ್ನು ಹೊತ್ತು ದಾಟಿಸೋಣ ಅಂದರೆ ಕಾಲಡಿ ಮರಳು ಜಾರುತ್ತಿತ್ತು.

ಇಳಿದೆ. ಬಾನೆಟ್ ಎತ್ತಿ, ನನ್ನ ಸೆರಗನ್ನು ಇಂಜಿನ್ನಿನ ಮೇಲೆ ಮಳೆಗೆ ಅಡ್ಡ ಹಿಡಿಯಿರಿ ಅಂತ ಇವರಿಗೆ ಹೇಳಿದೆ. ಡಿಸ್ಟ್ರಿಬ್ಯೂಟರಿನ ಕ್ಲಿಪ್ ಬಿಚ್ಚಿದೆ. ಮುಚ್ಚಳದೊಳಗೆ ಬೆವರಿನ ಹಾಗೆ ನೀರು. ಕೆಂಚಕ್ಕನ ಗಂಟಿನೊಳಗಿನ ಒಣ ಕುಪ್ಪಸ ಇಸಕೊಂಡು ಒಳಗೂ ಹೊರಗೂ ಒರೆಸಿದೆ, ವೈರುಗಳನ್ನೂ. ಮುಚ್ಚಿದೆ. ಇವರು ಹ್ಯಾಂಡಲ್ ಹಿಡಿದರು. ಅರ್ಧಕ್ಕೇ ಜಾರಿತು. ಬಲಗೈಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟರು.

"ಸರೀರಿ," ಅಂದೆ.

ನೀರು ತೊಡೆಗೆ ಬಂದಿತ್ತು. ನನ್ನ ಮೂರನೇ ಎಳೆತಕ್ಕೆ ಹತ್ತಿತು.

ದಡ ಹತ್ತಿ ಅರ್ಧ ಮೈಲಿ ಬಂದ ಮೇಲೆ ಕೇಳಿದರು. "ಯಾರು ಕಲಿಸಿದ್ರು?"

"ನಿಮ್ಮ ಸುಳ್ಳು."

ಕೆಂಚಕ್ಕನನ್ನು ಅವಳ ಮನೆಗೆ ಬಿಟ್ಟೆವು. ನಮ್ಮ ಬಾಗಿಲಿಗೆ ಬಂದರೂ ಇವರು ಇಂಜಿನ್ ಬಂದ್ ಮಾಡಲಿಲ್ಲ. ಸ್ಟೇರಿಂಗ್ ನೋಡುತ್ತಲೇ ಹೇಳಿದರು.

"ಯುಗಾದಿ ಹೊತ್ತಿಗೆ ಹ್ಯಾಂಡಲ್ ಒದೀತು ಪುಷ್ಪಾ. ಅವತ್ತಿಂದ ಮುಂಗೈಯಾಗ ಬಲ ಇಲ್ಲ. ಹಿಡಿಯಾಕ ಅಂಜಿಕಿ ಬರ್ತೈತಿ. ಜೀಪು ಬಿಟ್ರ ನಾ ಯಾವ ಕೆಲಸಕ್ಕ ಬರ್ತೀನಿ? ಇದನ್ನೇ ಹೇಳ್ತಿದ್ದೆ ಅಲ್ಲಿ ಕುಂತು."

"ನನಗ್ಯಾಕ ಹೇಳಲಿಲ್ಲ?"

"ನಿನ್ನ ಮುಂದ ಸಣ್ಣವ ಆಗಬಾರದು ಅಂತ."

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ದಿನಾ ಆ ಕೈಗೆ ರೊಟ್ಟಿ ಕೊಡುವವಳು ನಾನು. ಎಡಗೈಯಲ್ಲಿ ತಂಬಿಗೆ ಎತ್ತುತ್ತಿದ್ದರಲ್ಲ, ಕಾಣಲಿಲ್ಲ ನನಗೆ. ನೋವು ಅವಳಿಗೆ ಗೊತ್ತಿತ್ತು. ನಾನು ನೋಡಿದ್ದು ಸ್ಕ್ರೂಗಳನ್ನು.

10 ಸೆಪ್ಟೆಂಬರ್, ಗುರುವಾರ, ಸಂಜೆ

ಸೆಲ್ಫ್ ಹಾಕಿಸಿದ್ದಾರೆ. ಕೀಲಿ ತಿರುವಿದರೆ ಸಾಕು. ಕೈಗೆ ನಾನೇ ಎಣ್ಣೆ ತಿಕ್ಕುತ್ತೇನೆ, ಸ್ವಲ್ಪ ವಾಸಿ.

ಮಾತು ಕಲಿಯುತ್ತಿದ್ದೇವೆ, ಈ ವಯಸ್ಸಿನಲ್ಲಿ. ಇವರು ಏನಾದರೂ ಹೇಳಿದಾಗೆಲ್ಲ ನನ್ನೊಳಗೆ ಒಂದೇ ಲೆಕ್ಕ — ಇದನ್ನು ಅವಳಿಗೆ ಮೊದಲೇ ಹೇಳಿರಬಹುದಾ? ಈಗ ಕಟ್ಟೆಯ ಮೇಲೆ ಕೂತು ಚಿಕ್ಕಂದಿನ ಕತೆ ತೆಗೆದರು. ಒಂಬತ್ತು ವರ್ಷದವರಿದ್ದಾಗ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಹೊಳೆ ದಾಟುವ ಹರಿಗೋಲು ಹತ್ತಿದ್ದು. ನಡುಹೊಳೆಯಲ್ಲಿ ಹರಿಗೋಲು ಸುತ್ತತೊಡಗಿತಂತೆ.

ತಡೆಯಲಾಗದೆ ಕೇಳಿಯೇಬಿಟ್ಟೆ. "ಇದನ್ನ ಆಕಿಗೆ ಹೇಳಿದ್ರೇನು?"

ಎಡಗೈಯಿಂದ ಬಲ ಮುಂಗೈ ತಿಕ್ಕಿಕೊಂಡರು.

"ಇಲ್ಲ," ಅಂದರು.

ನಿಜವೋ, ನನ್ನ ಸಲುವಾಗಿ ಅಂದಿದ್ದೋ. ಕಣ್ಣು ತುಂಬಿ ಬಂತು, ನೀರು ತರುವ ನೆವ ಮಾಡಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಆಚೆ ಇವರು ಕಾಯುತ್ತಿದ್ದಾರೆ. ಹರಿಗೋಲು ಇನ್ನೂ ನಡುಹೊಳೆಯಲ್ಲೇ ಇದೆ. ಆಮೇಲೆ ಏನಾಯಿತು ಅಂತ ಮೊದಲು ನಾನೇ ಕೇಳಬೇಕು. ಹೋಗುತ್ತೇನೆ.